ಸೂಜಿ ಅಕ್ಕನ ಸ್ವೆಟರು

"ಇದು ನಿಂದಾ?"

ಅತ್ತೆ, ಸತ್ತ ಮಗನ ಚೀಲ ಕೊಡವಿ, ಹೆಂಗಸರ ಸ್ವೆಟರೊಂದನ್ನು ಎತ್ತಿ ಹಿಡಿದಿದ್ದರು. ನೆಂಟರೆಲ್ಲ ಹೊರಟು, ಮನೆಯಲ್ಲಿ ಮತ್ತೆ ಕುಕ್ಕರ್ ಕೂಗಿದ ಮೊದಲ ಬೆಳಗು ಅದು.

"ಹೂಂ, ನಂದೇ."

"ನಿನಗಿಷ್ಟು ದೊಗಳೆ ಯಾಕೆ?"

"ಚಳಿಗೆ."

ಸುಳ್ಳು. ಮುತ್ತಿನ ಗುಂಡಿಯ ಆ ಬೂದು ಸ್ವೆಟರನ್ನು ಸೊಸೆ ದಿನಾ ನೋಡುತ್ತಿದ್ದಳು. ತನ್ನದೇ ಪ್ರಯೋಗಾಲಯದಲ್ಲಿ, ರಕ್ತ ತೆಗೆಯುವ ಕೋಣೆಯ ಕುರ್ಚಿಯ ಬೆನ್ನಿಗೆ. ಅಲ್ಲಿ ಕೂರುವ ಹೆಂಗಸು ಎಲ್ಲರ ಬಾಯಲ್ಲೂ ‘ಸೂಜಿ ಅಕ್ಕ’.

ಅದು ಗಂಡನ ಚೀಲಕ್ಕೆ ಹೇಗೆ ಬಂತು? ಶಾಲೆಯಲ್ಲಿ ಗಣಿತ ಹೇಳುತ್ತಿದ್ದವನು. ಪ್ರಯೋಗಾಲಯದ ಕಡೆ ತಲೆಹಾಕಿಯೂ ಮಲಗಿದವನಲ್ಲ. ಮೂವತ್ತೊಂದಕ್ಕೇ ಹೃದಯ ನಿಂತಿತು. "ಒಂದು ಸೂಚನೆಯೂ ಇರಲಿಲ್ವಾ?" ಎಂದು ಬಂದವರೆಲ್ಲ ಕೇಳಿದ್ದರು. ಸೂಜಿ ಅಕ್ಕ ಮಾತ್ರ ಏನೂ ಕೇಳದೆ, ಒಡಹುಟ್ಟಿದವನು ಹೋದಂತೆ ಅತ್ತಿದ್ದಳು. ಈಗ ಆ ಅಳುವಿಗೂ ಅರ್ಥ ಹುಟ್ಟುತ್ತಿತ್ತು.

ಇವಳಿಗೂ ಸೂಜಿ ಅಕ್ಕನಿಗೂ ಮೊದಲೇ ಎಣ್ಣೆ ಸೀಗೆಕಾಯಿ. ಮುಪ್ಪು ರಕ್ತದಲ್ಲಿ ಬಿಡುವ ಗುರುತುಗಳನ್ನು ಹುಡುಕುವುದು ಇವಳ ಕೆಲಸ: ಪ್ರೋಟೀನುಗಳಿಗೆ ಅಂಟಿದ ಸಕ್ಕರೆ, ದಣಿದ ಜೀವಕೋಶಗಳ ಕಸ. ಟ್ಯೂಬುಗಳ ಮೇಲೆ ಹೆಸರಿಲ್ಲ. ಎಳೆಯರದಕ್ಕೆ ನೀಲಿ ಚೀಟಿ, ವಯಸ್ಸಾದವರದಕ್ಕೆ ಹಳದಿ. ಹೋದ ತಿಂಗಳು ನೀಲಿ ಚೀಟಿಯ ಟ್ಯೂಬೊಂದು ಎಪ್ಪತ್ತು ದಾಟಿದ ಲಕ್ಷಣ ತೋರಿಸಿದಾಗ ಎಲ್ಲರೆದುರು ಕೂಗಾಡಿದ್ದಳು: "ಯಾವ ತಾತನಿಗೆ ನೀಲಿ ಅಂಟಿಸಿದ್ರಿ ಅಕ್ಕಾ? ಕಣ್ಣು ಕಾಣುತ್ತಾ?" ಟ್ಯೂಬು ಕಸದ ಡಬ್ಬಿ ಸೇರಿತ್ತು. ಸೂಜಿ ಅಕ್ಕ ತಲೆ ತಗ್ಗಿಸಿದ್ದಳು.

ಆ ಸೇಡಿಗೇ ನನ್ನ ಮನೆಗೆ ಕೈ ಹಾಕಿದಳೇ?

ಪ್ರಯೋಗಾಲಯಕ್ಕೆ ಹೋಗುವ ಬಸ್ಸಿನಲ್ಲಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎದ್ದು ಬಂದು ಉತ್ತರ ಹೇಳಲಾರದವನ ಮೇಲೆ ಅನುಮಾನ! ಆದರೂ ಸ್ವೆಟರನ್ನು ಎರಡು ಸಲ ಮೂಸಿದಳು.

ಕೋಣೆಯಲ್ಲಿ ಸೂಜಿ ಅಕ್ಕ ಒಬ್ಬಳೇ ಇದ್ದಳು.

"ತಗೊಳ್ಳಿ. ನಮ್ಮ ಮನೇಲಿ ಸಿಕ್ಕಿತು."

ಸೂಜಿ ಅಕ್ಕನ ಮುಖ ಬಿಳಿಚಿತು. "ಗೊತ್ತಾಗೇ ಹೋಯ್ತಾ? ನಿಮಗೆ ಹೇಳಬಾರದು ಅಂತ ಮೇಷ್ಟ್ರು ಆಣೆ ಹಾಕಿಸ್ಕೊಂಡಿದ್ರು."

"ಎಷ್ಟು ದಿನದಿಂದ?"

"ಒಂದೇ ಸಲ ಕಣಮ್ಮಾ. ರಕ್ತ ಕೊಡೋಕೆ ಎಳೆಯರೇ ಸಿಗ್ತಿಲ್ಲ, ಕೆಲಸ ನಿಂತುಹೋಗುತ್ತೆ ಅಂತ ನೀವು ಮನೇಲಿ ಅತ್ರಂತೆ. ಶಾಲೆ ಬಿಟ್ಟ ಮೇಲೆ ನೇರ ಇಲ್ಲಿಗೇ ಬಂದ್ರು. ಕೊಟ್ಟಾದ ಮೇಲೆ ಗಡಗಡ ನಡುಗಿದ್ರು. ‘ಇಷ್ಟೇನಾ ಮೇಷ್ಟ್ರೇ, ಮಕ್ಕಳ ಮುಂದಷ್ಟೇನಾ ನಿಮ್ಮ ಧೈರ್ಯ?’ ಅಂತ ಚುಡಾಯಿಸಿ ನಾನೇ ಇದನ್ನ ಹೊದಿಸಿ ಕಳಿಸ್ದೆ. ನಾಳೆ ತಂದುಕೊಡ್ತೀನಿ ಅಂದಿದ್ರು."

ಎಂಥ ಮನುಷ್ಯನ ಮೇಲೆ ಎಂಥ ಅಪವಾದ ಹೊರಿಸಿದ್ದಳು! ಅವಳು ಕ್ಷಮೆ ಕೇಳಲು ಬಾಯಿ ತೆರೆದಳು. ಸೂಜಿ ಅಕ್ಕನೇ ಮೊದಲು ಕೈಮುಗಿದಳು.

"ನೀವೇ ನನ್ನ ಕ್ಷಮಿಸಬೇಕು. ಅವತ್ತೇ ನೋಡಿ ನಾನು ಆ ನೀಲಿ ಚೀಟಿ ತಪ್ಪು ಮಾಡಿದ್ದು. ಅವತ್ತಿಡೀ ರಕ್ತ ಕೊಡೋಕೆ ಬಂದಿದ್ದು ಮೇಷ್ಟ್ರು ಒಬ್ಬರೇ. ಅದು ಹೇಗೆ ಅದಲುಬದಲಾಯ್ತೋ, ಅವರು ಕೊಟ್ಟ ರಕ್ತ ದಂಡವಾಯ್ತು."

ಅವಳು ಇನ್ನೂ ತನ್ನ ಕೈಯಲ್ಲೇ ಇದ್ದ ಸ್ವೆಟರನ್ನು ನಿಧಾನವಾಗಿ ಮಡಚಿ ಕುರ್ಚಿಯ ಬೆನ್ನಿಗೆ ಹಾಕಿದಳು.

ಆ ತಾತನಿಗೆ ಮೂವತ್ತೊಂದು ವರ್ಷ.