ಬಿಚ್ಚಿದ ಅಂಗೈ

ಬ್ಯಾಸ್ಕೆಟ್‌ಬಾಲ್ ಲೀಗ್ ಪಂದ್ಯದ ನಡುವೆ ಎರಡು ತಂಡಗಳು ಕೈಕೈ ಮಿಲಾಯಿಸಿದಾಗ, ಜಗಳ ಬಿಡಿಸಲು ಓಡಿಬಂದ ಎದುರಾಳಿ ಮೆಲ್ವಿನ್‌ನ ದವಡೆ ಮುರಿಯುವಂತೆ ಉತ್ತಯ್ಯ ಗುದ್ದಿದ್ದ. ಆ ಒಂದು ಪೆಟ್ಟಿಗೆ ಲೀಗಿನ ನಿಯಮವೇ ಬದಲಾಯಿತು: ಕಾರಣವಿಲ್ಲದೆ ಕೈಮಾಡಿದವನು ಮತ್ತೆಂದೂ ಆಡುವಂತಿಲ್ಲ. ಹೊಸ ನಿಯಮದಡಿ ಮೊದಲ ವಿಚಾರಣೆ ಉತ್ತಯ್ಯನದೇ.

“ಯಾಕೆ ಹೊಡೆದ್ರಿ?” ಲೀಗಿನ ಅಧ್ಯಕ್ಷರು ಕೇಳಿದರು.

ಎದುರಿಗೆ ಕೂತಿದ್ದ ಮೆಲ್ವಿನ್‌ನ ಮುರಿದ ದವಡೆ ಅಲುಗದಂತೆ ಹಲ್ಲುಗಳಿಗೆ ಬಿಗಿದ ತಂತಿಯನ್ನು ನೋಡಲಾರದೆ ಉತ್ತಯ್ಯ ತಲೆ ತಗ್ಗಿಸಿದ. ಅಂದು ಮೆಲ್ವಿನ್ ಎರಡೂ ಅಂಗೈ ಬಿಚ್ಚಿಕೊಂಡೇ ಬಂದಿದ್ದ. ಉತ್ತಯ್ಯ ಅದನ್ನು ಕಣ್ಣಾರೆ ಕಂಡಿದ್ದ. ಆದರೂ ನಾಲಿಗೆ ಸುಳ್ಳಿಗೆ ಹೊರಳಿತು.

“ಇವ್ರೇ ನನಗೆ ಹೊಡೆಯೋಕೆ ಬಂದ್ರು ಸರ್.” ಹೇಳಿದ ಮೇಲೆ ನಾಚಿಕೆಯಿಂದ ಹಿಡಿಯಷ್ಟಾದ.

ಅಧ್ಯಕ್ಷರು ಮೆಲ್ವಿನ್ ಕಡೆ ತಿರುಗಿದರು. “ನೀವೇನಂತೀರಿ?”

ಮೆಲ್ವಿನ್ ಉತ್ತಯ್ಯನನ್ನೇ ನೋಡುತ್ತ, ತಂತಿ ಬಿಗಿದ ಹಲ್ಲುಗಳ ಸಂದಿಯಿಂದಲೇ ಹೇಳಿದ:

“ಹೌದು ಸರ್. ಹೊಡೆಯೋಕೇ ಹೋಗಿದ್ದೆ.”