ಬೆಂಡಿಗೇರಿ ಮಾಸ್ತರರ ಖಾಲಿ ಟ್ಯಾಂಕು

ಪೆಟ್ರೋಲು ಮುಗಿದು ಹಳೆಯ ಕಾರುಗಳೆಲ್ಲ ಊರಮಂದಿಯ ಸುದ್ದಿಯ ಮೇಲೆ ಓಡತೊಡಗಿದಂದಿನಿಂದ ಹುಬ್ಬಳ್ಳಿಯ ರುಕ್ಮಾಬಾಯಿಯ ಗ್ಯಾರೇಜಿಗೆ ಬಿಡುವೇ ಇರಲಿಲ್ಲ. ಟ್ಯಾಂಕಿನೊಳಗೆ ಯಾರದಾದರೂ ಸುದ್ದಿ ಹೇಳಿದರಾಯಿತು, ಕಾರ್ಬುರೇಟರ್ ಅದಕ್ಕೆ ಹದವಾಗಿ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುತ್ತಿತ್ತು.

ಮದುವೆಯಾಗದೇ ಉಳಿದ ಬೆಂಡಿಗೇರಿ ಮಾಸ್ತರರ ಕಾರೊಂದೇ ಮೇಲಿಂದ ಮೇಲೆ ನಿಲ್ಲುತ್ತಿತ್ತು. ಇವತ್ತೂ ಹೊರಡದಿದ್ದರೆ ಗುಜರಿಗೆ ಹಾಕೆಂದು ಅವರಕ್ಕ ತಾಕೀತು ಮಾಡಿದ್ದರು. ಕಾರು ಹೋದರೆ ಮಾಸ್ತರರೂ ಇತ್ತ ಸುಳಿಯುವುದಿಲ್ಲವಲ್ಲ ಎಂದು ರುಕ್ಮಾಬಾಯಿಯ ಜೀವ ಚುರುಗುಟ್ಟಿತು. ಕಾರ್ಬುರೇಟರ್ ಬಿಚ್ಚಿ, ಜೆಟ್ಟಿನ ಸಣ್ಣ ತೂತು ಊದಿ, ತೊಳೆದು ಜೋಡಿಸಿ, ಪಕ್ಕದಲ್ಲೇ ನಿಂತಿದ್ದ ಮಾಸ್ತರರತ್ತ ತಿರುಗಿದಳು.

"ಕಾರ್ಬುರೇಟರ್ ಬಂಗಾರದಂಗ ಐತ್ರಿ ಸರ. ಟ್ಯಾಂಕ್ ಖಾಲಿ. ಯಾರದರ ಸುದ್ದಿ ಹೇಳ್ರಿ."

"ಮಂದಿ ಉಸಾಬರಿ ನನಗ್ಯಾಕ್ರೀ ಬಾಯಾರ?"

"ಹಂಗಾರ ಕಾರು ಗುಜರಿಗೆ, ನೀವು ಮನಿಗೆ!"

ಮಾಸ್ತರರು ಗಂಟಲು ಸರಿಮಾಡಿಕೊಂಡು ಟ್ಯಾಂಕಿನತ್ತ ಬಗ್ಗಿದರು.

"ಬೆಂಡಿಗೇರಿ ಮಾಸ್ತರ ಅಂತ ಒಬ್ಬಾಂವ ಅದಾನ. ಬೇಕಂತನ ಟ್ಯಾಂಕ್ ಖಾಲಿ ಇಟಗೊಂಡು ಗ್ಯಾರೇಜಿಗೆ ಬರ್ತಾನ. ಬಾಯಾರ ಮಾರಿ ನೋಡಾಕ."

ಕಾರೇ ನಡುಗುವಂತೆ ಎಂಜಿನ್ ಎದ್ದಿತು. ರುಕ್ಮಾಬಾಯಿ ತಲೆಯೆತ್ತದೆ ಸ್ಕ್ರೂ ತಿರುಗಿಸಿ ಅದರ ಆರ್ಭಟ ತಗ್ಗಿಸಿದಳು.

"ಅಕ್ಕಾರಿಗೆ ತೋರಿಸಿ ಬರ್ರಿ ಸರ. ಆದ್ರ ಇಂಥಾ ಸುದ್ದಿ ಒಂದ ದಿನಕ್ಕ ಖರ್ಚಾಗತೈತಿ. ದಿನಾ ಬಂದು ಇಲ್ಲೇ ತುಂಬಸಬೇಕು."