ಬಜಾರು ವೃತ್ತದ ಪಟ್ಟೆ ಕೋಲು

ಟ್ರಾಫಿಕ್ ಪೊಲೀಸನ ಪಟ್ಟೆ ಕೋಲು ಮತ್ತೆ ಎದ್ದಿತು. ಯೋರ್ಕಿನ್ ಹಲ್ಲು ಕಚ್ಚಿಕೊಂಡು ವ್ಯಾನನ್ನು ರಸ್ತೆ ಬದಿಗೆ ತಂದ. ಬಜಾರಿಗೆ ಹೊರಟಿದ್ದ ಹೆಂಗಸರು ಹಿಂದಿನ ಸೀಟಿನಲ್ಲಿ ಉಸ್ಸೆಂದರು.

"ಬೆಲ್ಟ್ ಎಲ್ಲಪ್ಪಾ?" ಎಂದ ಇನ್‌ಸ್ಪೆಕ್ಟರ್ ತುರ್ಗುನ್.

"ಹಾಕ್ಕೊಂಡಿದೀನಲ್ಲ ಸಾರ್."

"ಓ, ಹೌದಲ್ಲ. ಚಕ್ರ ಯಾಕೆ ಇಷ್ಟು ಕೊಳೆ? ಇಳಿ ಕೆಳಗೆ."

ಅಷ್ಟರಲ್ಲಿ ಸಂಜಾರನ ಕರಿ ಕಾರು ಬಂತು. ಸಿಗ್ನಲ್‌ನಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಸಂಜಾರನ ಕಿವಿಯಲ್ಲಿ ಫೋನು. ಬಾಗಿಲ ಗಾಜುಗಳಿಗೆ ಕಾವಲಿ ತಳದಂಥ ಮಸಿ ಬಣ್ಣ. ಕಾರು ನಿಲ್ಲಲಿಲ್ಲ. ತುರ್ಗುನ್ ಅದನ್ನು ಕಣ್ಣಾರೆ ನೋಡಿದ, ಮುಖ ತಿರುಗಿಸಿದ, ಮತ್ತೆ ಯೋರ್ಕಿನ್‌ನ ಚಕ್ರಕ್ಕೇ ಬಗ್ಗಿದ.

ಹೊಟ್ಟೆ ಉರಿಯದೆ ಇನ್ನೇನಾಗಬೇಕು ಹೇಳಿ?

ಮರ್ಗಿಲಾನ್ ಊರಿನಲ್ಲಿ ಸಂಜಾರನನ್ನು ಅರಿಯದವರಿಲ್ಲ. ಅಪ್ಪನದು ಹತ್ತಿ ಮಿಲ್ಲು. ಯೋರ್ಕಿನ್‌ನ ಓಣಿಯಲ್ಲೇ ಬೆಳೆದವನು, ಅದೇ ಶಾಲೆ. ಅವನ ಕಾರು, ಅವನ ಮನೆ, ಅವನ ನಗು ಎಲ್ಲವನ್ನೂ ಯೋರ್ಕಿನ್ ಹೇಗೋ ಸಹಿಸಿಕೊಂಡಿದ್ದ. ಆದರೆ ಹಿಲೋಲಳ ಮನೆಗೂ ಅವನ ಕಡೆಯವರು ಹೆಣ್ಣು ಕೇಳಲು ಹೋಗಿದ್ದಾರೆ ಎಂಬ ಸುದ್ದಿ ಬಂದ ದಿನದಿಂದ ನಿದ್ದೆ ಹಾರಿಹೋಗಿತ್ತು.

ಹಿಲೋಲ ನರ್ಸಿಂಗ್ ಕಲಿಯುವ ಹುಡುಗಿ. ಯೋರ್ಕಿನ್‌ನ ವ್ಯಾನಿನಲ್ಲೇ ಓಡಾಟ. ಆ ಮುರುಕಲು ಬಾಗಿಲನ್ನು ಧಡಾರೆಂದು ಬಡಿಯದೆ ಮೆಲ್ಲಗೆ ಹಾಕುತ್ತಿದ್ದವಳು ಅವಳೊಬ್ಬಳೇ. ಮದುವೆಯಾದರೆ ಇವಳನ್ನೇ ಎಂದು ಅವನು ತಾಯಿಯನ್ನು ಪೀಡಿಸಿ ಕಳಿಸಿದ್ದ. ಹೆಣ್ಣಿನ ಕಡೆಯವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹಿರಿಯರನ್ನು ಕೇಳಬೇಕು ಅಂದರು.

"ನಿನ್ನ ವಿಚಾರಿಸ್ತಿದಾರೆ ಕಣೋ," ಎಂದಳು ತಾಯಿ. "ರೊಟ್ಟಿ ಒಲೆಯೋಳ ಹತ್ರ ಕೇಳಿದಾರಂತೆ, ಚಹಾ ಅಂಗಡೀಲಿ ಕೇಳಿದಾರಂತೆ. ನೋಡ್ಕೊಂಡು ನಡ್ಕೊ. ಬಡವನ ಕೋಪ ದವಡೆಗೆ ಮೂಲ."

ಓಣಿಯಲ್ಲಿ ಯೋರ್ಕಿನ್ ಬಂಗಾರದಂಥ ಹುಡುಗನಾದ. ಬೆಳಗ್ಗೆ ಎದ್ದು ಬಾಗಿಲ ಮುಂದೆ ನೀರು ಚಿಮುಕಿಸಿ ಗುಡಿಸಿದ. ಕಂಡ ಮುದುಕರಿಗೆಲ್ಲ ಎದೆಗೆ ಕೈಯಿಟ್ಟು ಸಲಾಂ ಹೇಳಿದ. ಪಕ್ಕದ ಮನೆಯ ಹಿಟ್ಟಿನ ಮೂಟೆ ಹೊತ್ತ. ನಂತರ ವ್ಯಾನು ಹತ್ತಿ ಬಜಾರು ವೃತ್ತಕ್ಕೆ ಬಂದರೆ ಅಲ್ಲಿ ಈ ಶನಿ!

ಕೋಕಂದ್ ಕಡೆಯಿಂದ ವರ್ಗವಾಗಿ ಬಂದ ತುರ್ಗುನ್ ಬೇರೆ ಯಾರನ್ನೂ ಇಷ್ಟು ಕಾಡುತ್ತಿರಲಿಲ್ಲ. ದಂಡವನ್ನೇನೋ ಬರೆಯುತ್ತಿರಲಿಲ್ಲ, ಬಿಸಿಲಲ್ಲಿ ನಿಲ್ಲಿಸಿ ಪ್ರಾಣ ತಿನ್ನುತ್ತಿದ್ದ. ಬಾಯಿ ತೆಗಿ, ವಾಸನೆ ನೋಡ್ಬೇಕು. ಮನೇಲಿ ಯಾರ್ಯಾರಿದಾರೆ? ತಾಯಿಗೆ ದುಡಿದು ಹಾಕೋದು ನೀನೇನಾ? ಒಂದು ದಿನವಂತೂ ಎಲ್ಲ ಕೇಳಿ ಮುಗಿಸಿ, "ನಿನಗೆ ಸಿಟ್ಟು ಬರಲ್ವೇನೋ?" ಅಂದ.

"ಬಂದು ಏನು ಮಾಡೋದು ಸಾರ್," ಎಂದು ಯೋರ್ಕಿನ್ ನಕ್ಕಿದ್ದ. ಒಳಗೆ ಕುದಿಯುತ್ತಿದ್ದ. ಕೈ ಬಿಸಿ ಮಾಡಲಿ ಅಂತ ಕಾಯ್ತಿದಾನೆ, ಮಾಡಲ್ಲ, ಏನು ಮಾಡ್ಕೊತಾನೋ ಮಾಡ್ಕೊಳ್ಳಲಿ.

ಚಕ್ರದ ಕೊಳೆ ನೋಡಿದ ದಿನದ ಸಂಜೆ ಪೆಟ್ರೋಲ್ ಬಂಕಿನಲ್ಲಿ ಸಂಜಾರ್ ಸಿಕ್ಕ.

"ಏನೋ, ಇವತ್ತೂ ನಿಲ್ಲಿಸಿದ್ನಾ? ನಿನ್ನ ಮೇಲೆ ಅವನಿಗೆ ಭಾರೀ ಪ್ರೀತಿ ಕಣೋ!"

"ನಿನ್ನನ್ನ ಯಾಕೆ ನಿಲ್ಲಿಸಲ್ಲ?"

"ನನ್ನನ್ನ ನಿಲ್ಲಿಸೋಷ್ಟು ಧೈರ್ಯ ಯಾರಿಗಿದೆ?"

ಯೋರ್ಕಿನ್‌ಗೆ ತಡೆಯಲಾಗಲಿಲ್ಲ. "ಹಿಲೋಲಳ ಮನೆಯಿಂದ ಉತ್ತರ ಬಂತಾ?"

ಸಂಜಾರ್ ಕಾರಿನ ಬಾಗಿಲು ಹಾಕಿಕೊಂಡ. "ನನ್ನಂಥೋನಿಗೆ ಏನು ಉತ್ತರ ಬರುತ್ತೆ, ನೀನೇ ಹೇಳು," ಎಂದು ಹೊರಟೇಹೋದ.

ದುಡ್ಡಿದ್ದವನೇ ದೊಡ್ಡಪ್ಪ! ರಸ್ತೆಯೂ ಅವನದು, ಪೊಲೀಸನೂ ಅವನವನು, ಇನ್ನು ಹಿಲೋಲ ಯಾವ ಲೆಕ್ಕ? ಯೋರ್ಕಿನ್ ಆ ರಾತ್ರಿ ಊಟ ಮುಟ್ಟಲಿಲ್ಲ.

ಬೆಳಗ್ಗೆ ವೃತ್ತದಲ್ಲಿ ಕೋಲು ಎದ್ದಿತು. ತುರ್ಗುನ್ ಇಂದು ಚಕ್ರ ನೋಡಲಿಲ್ಲ. ಎದೆಗೆ ಕೈಯಿಟ್ಟು, ನಗುತ್ತ ಬಂದ. "ಇಳಿ ತಮ್ಮಾ, ಒಂದು ಮಾತಿದೆ."

ಅವನ ಬೆನ್ನ ಹಿಂದೆ ಕರಿ ಕಾರು ಕೆಂಪು ದೀಪವನ್ನು ದಾಟಿ, ಹಾರನ್ ಹೊಡೆದು ಹೋಯಿತು.

ಯೋರ್ಕಿನ್‌ನ ತಲೆಯೊಳಗೆ ಏನೋ ಪಟ್ಟನೆ ಕಡಿದುಹೋಯಿತು. ಇಳಿದವನೇ ಪಟ್ಟೆ ಕೋಲನ್ನು ಕಿತ್ತುಕೊಂಡು ನಡುರಸ್ತೆಗೆ ಎಸೆದ.

"ಅವನಿಗೊಂದು ನ್ಯಾಯ, ನನಗೊಂದು ನ್ಯಾಯನಾ? ಅವನ್ಯಾವ ನಂಟ ನಿಮಗೆ? ನಿಮ್ಮ ಮನೆ ಹೆಣ್ಣನ್ನೇನಾದ್ರೂ ಅವನಿಗೆ ಕೊಟ್ಟಿದೀರಾ?"

ನಡುಬೀದಿಯಲ್ಲಿ ಇನ್ನೊಬ್ಬರ ಮನೆ ಹೆಣ್ಣಿನ ಮಾತೆತ್ತಿದರೆ ಇಲ್ಲಿ ತಲೆಗಳು ಉರುಳಿದ್ದುಂಟು. ತುರ್ಗುನ್ ಮಾತ್ರ ಕೈ ಎತ್ತಲಿಲ್ಲ. ನಡೆದುಹೋಗಿ ಕೋಲು ಹೆಕ್ಕಿದ, ಧೂಳು ಒರೆಸಿದ. ವಾಪಸು ಬಂದಾಗ ಮುಖದಲ್ಲಿ ನಗುವಿರಲಿಲ್ಲ.

"ಅವರು ಬಂದು ಕೇಳಿದ್ದು ನಿಜ," ಎಂದ. "ಹೋದ ತಿಂಗಳೇ ಕೊಡಲ್ಲ ಅಂದ್ವಿ. ಹಿಲೋಲ ನಮ್ಮಣ್ಣನ ಮಗಳು."

"ಚಿಕ್ಕಪ್ಪಾ..." ಎಂದ ಯೋರ್ಕಿನ್.

"ಅವನನ್ನ ನಿಲ್ಲಿಸಿದ್ರೆ ಅವರಪ್ಪನ ಫೋನು ಬರುತ್ತೆ, ಅದೂ ಸುಳ್ಳಲ್ಲ. ಆದ್ರೆ ಕೊಳ್ಳದ ಕರಬೂಜನ್ನ ಯಾರಾದ್ರೂ ತಟ್ಟಿ ನೋಡ್ತಾರಾ? ನೀನು ಕುಡಿಯೋನಲ್ಲ, ಲಂಚ ಕೊಡೋನಲ್ಲ, ರೇಗೋನಲ್ಲ ಅಂತ ನಿನ್ನೆ ಅಣ್ಣನ ಮುಂದೆ ರೊಟ್ಟಿ ಮುಟ್ಟಿ ಆಣೆ ಮಾಡಿ ಹೇಳಿ ಬಂದಿದ್ದೆ."

ಅವನು ವ್ಯಾನಿನ ಬಾಗಿಲು ತೆರೆದು ಹಿಡಿದ.

"ನಾಳೆಯಿಂದ ಅವನ ಹಾಗೇ ನಿನ್ನನ್ನೂ ನಿಲ್ಲಿಸಲ್ಲ. ಹೊರಡು."